ಹೀಬ್ರೂ ಹೊತ್ತಗೆಯಲ್ಲಿ ಅಡಗಿದ ಬುದ್ಧಕಥೆ

ರಾಜನಿಗೆ ಬಹುಕಾಲದ ನಂತರ ಮಗ ಹುಟ್ಟುತ್ತಾನೆ. ಈ ಮಗು ಅರಸೊತ್ತಿಗೆಯನ್ನು ತೊರೆದು ವಿರಕ್ತನಾಗುವನೆಂದು ಜ್ಯೋತಿಷಿ ನುಡಿಯುತ್ತಾನೆ. ಕಂಗಾಲಾದ ತಂದೆಯು ಮಗನನ್ನು ಲೋಕದ ದುಃಖ ತಾಕದಂತೆ ಅರಮನೆಯೊಳಗೆ ಬೆಳೆಸುತ್ತಾನೆ. ಆದರೆ ಹೊರಗೆ ಕಾಲಿಟ್ಟ ದಿನವೇ ರಾಜಕುಮಾರನ ಕಣ್ಣಿಗೆ ರೋಗ, ಮುಪ್ಪು ಹಾಗೂ ಸಾವುಗಳು ಬೀಳುತ್ತವೆ. ಕಪಿಲವಸ್ತುವಿನ ಸಿದ್ಧಾರ್ಥನ ಈ ಕಥೆಯನ್ನು ಶಾಲೆಯ ಪಠ್ಯಪುಸ್ತಕದಲ್ಲಿ ಓದದೆ ಬೆಳೆದ ಕನ್ನಡಿಗರು ವಿರಳ. ಆದರೆ ಇದೇ ಕಥೆಯು 13ನೆಯ ಶತಮಾನದ ಪೂರ್ವಾರ್ಧದಲ್ಲಿ, ಸ್ಪೇನಿನ ಬಾರ್ಸಿಲೋನಾ ನಗರದ ಯೆಹೂದಿ ಪಂಡಿತನೊಬ್ಬನ ಲೇಖನಿಯಿಂದ ಹೀಬ್ರೂ ಭಾಷೆಯಲ್ಲಿ ಮೂಡಿಬಂದಿತ್ತೆಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಆ ಪಂಡಿತನ ಹೆಸರು ಅಬ್ರಹಾಂ ಇಬ್ನ್ ಹಸ್ದಾಯ್. ಅವನ ಕೃತಿಯ ಹೆಸರು ‘ಬೆನ್ ಹಮೆಲೆಖ್ ವೆಹನಾಝಿರ್’, ಅಂದರೆ ‘ರಾಜಕುಮಾರ ಮತ್ತು ವಿರಕ್ತ’. ಬೌದ್ಧ ಜ್ಞಾನವನ್ನು ಒಡಲಲ್ಲಿಟ್ಟುಕೊಂಡ ಹೀಬ್ರೂ ಗ್ರಂಥವೆಂದು ಈ ಕೃತಿಯನ್ನು ಬಣ್ಣಿಸುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜ? ಬುದ್ಧನ ಹೆಸರೇ ಇಲ್ಲದ ಪುಸ್ತಕವನ್ನು ಬೌದ್ಧವೆಂದು ಕರೆಯಬಹುದೇ? ಉತ್ತರಕ್ಕಾಗಿ ಈ ಕಥೆ ಸಾಗಿ ಬಂದ ದಾರಿಯನ್ನು ತುಸು ದೂರದಿಂದಲೇ ಗಮನಿಸಬೇಕಾಗುತ್ತದೆ.

ಬೋಧಿಸತ್ವನಿಂದ ಜೋಸಫಾತ್‌ವರೆಗೆ

ಕಥೆಯ ಮೂಲ ಭಾರತದ್ದು. ಅಶ್ವಘೋಷನ ‘ಬುದ್ಧಚರಿತ’, ‘ಲಲಿತವಿಸ್ತರ’ ಮೊದಲಾದ ಗ್ರಂಥಗಳಲ್ಲಿ ಕಾಣುವ ಬುದ್ಧನ ಜೀವನಕಥೆಯು ವ್ಯಾಪಾರಿಗಳು ಹಾಗೂ ಭಿಕ್ಷುಗಳೊಡನೆ ಮಧ್ಯ ಏಷ್ಯಾಕ್ಕೆ ಸಾಗಿತು. ಅಲ್ಲಿ ಬೌದ್ಧರು, ಮಾನಿ ಮತದವರು, ಕ್ರೈಸ್ತರು ಮತ್ತು ಜರತುಷ್ಟ್ರನ ಅನುಯಾಯಿಗಳು ಅಕ್ಕಪಕ್ಕದಲ್ಲಿ ಬದುಕಿದ್ದರು. ಚೀನಾದ ತುರ್ಫಾನ್ ಪ್ರದೇಶದ ಉತ್ಖನನಗಳಲ್ಲಿ ದೊರೆತ, ಮಾನಿ ಮತೀಯರ ಲಿಪಿಯಲ್ಲಿರುವ ಪರ್ಷಿಯನ್ ಪದ್ಯಗಳ ತುಣುಕುಗಳಲ್ಲಿ ಈ ಕಥೆಯ ಕುರುಹುಗಳಿರುವುದನ್ನು ವಿದ್ವಾಂಸ ಡಬ್ಲ್ಯು.ಬಿ. ಹೆನಿಂಗ್ ಗುರುತಿಸಿದರು. ಕಥೆಯ ಪಯಣದಲ್ಲಿ ಮಾನಿ ಮತದವರ ಪಾತ್ರವಿತ್ತೆಂಬ ವಾದಕ್ಕೆ ಇದು ಮುಖ್ಯ ಆಧಾರ.

ಬಾಗ್ದಾದಿನಲ್ಲಿ ಅಬ್ಬಾಸಿದ್ ಖಲೀಫರ ಆಳ್ವಿಕೆಯಿದ್ದಾಗ ಕಥೆಯು ಅರಬ್ಬಿ ಭಾಷೆಗೆ ಇಳಿಯಿತು. ‘ಕಿತಾಬ್ ಬಿಲವ್ಹರ್ ವ ಬೂದಾಸಫ್’ ಎಂಬುದು ಆ ಗ್ರಂಥದ ಹೆಸರು. ಬಾಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ಅಲ್ ನದೀಮ್ 10ನೆಯ ಶತಮಾನದ ಕೊನೆಗೆ ಸಿದ್ಧಪಡಿಸಿದ ‘ಫಿಹ್ರಿಸ್ತ್’ ಎಂಬ ಗ್ರಂಥಸೂಚಿಯಲ್ಲಿ ಈ ಕೃತಿಯ ಉಲ್ಲೇಖವಿದೆ. ಬೂದಾಸಫ್ ಎಂದರೆ ‘ಬೋಧಿಸತ್ವ’ ಎಂಬ ಪದದ ರೂಪಾಂತರ. ಬಿಲವ್ಹರ್ ಎಂಬಾತ ರಾಜಕುಮಾರನಿಗೆ ವೈರಾಗ್ಯವನ್ನು ಬೋಧಿಸುವ ತಪಸ್ವಿ.

ಇಲ್ಲಿ ಲಿಪಿಯದೊಂದು ಸ್ವಾರಸ್ಯವಿದೆ. ಅರಬ್ಬಿಯಲ್ಲಿ ಪದದ ಆರಂಭದಲ್ಲಿ ಬರುವ ‘ಬ’ ಮತ್ತು ‘ಯ’ ಅಕ್ಷರಗಳ ಆಕಾರ ಒಂದೇ. ಕೆಳಗೆ ಒಂದು ಚುಕ್ಕೆಯಿದ್ದರೆ ಬ, ಎರಡಿದ್ದರೆ ಯ. ನಕಲುಗಾರರ ಕೈಯಲ್ಲಿ ಚುಕ್ಕೆಯೊಂದು ಹೆಚ್ಚಾಗಿ ಬೂದಾಸಫ್ ಯೂದಾಸಫ್ ಆದನು. ಜಾರ್ಜಿಯನ್ ಭಾಷೆಯಲ್ಲಿ ಅವನು ಇಯೋದಾಸಫ್, ಗ್ರೀಕಿನಲ್ಲಿ ಇಯೋಆಸಫ್, ಲ್ಯಾಟಿನ್ನಿನಲ್ಲಿ ಜೋಸಫಾತ್. ಬಿಲವ್ಹರ್ ಬಾರ್ಲಾಮ್ ಆದನು. ಹೀಗೆ ಬೋಧಿಸತ್ವನೆಂಬ ಹೆಸರು ಕೊನೆಗೆ ಬೈಬಲ್ಲಿನ ಯೆಹೂದ ರಾಜ್ಯದ ಅರಸನೊಬ್ಬನ ಹೆಸರಿನ ರೂಪವನ್ನೇ ತಳೆಯಿತು.

ಕಥೆಯನ್ನು ಕ್ರೈಸ್ತ ಮತಕ್ಕೆ ಒಗ್ಗಿಸಿದವರು ಜಾರ್ಜಿಯಾದ ಸನ್ಯಾಸಿಗಳು. ‘ಬಲವರಿಯಾನಿ’ ಎಂಬ ಜಾರ್ಜಿಯನ್ ಪಾಠದ ವಿಸ್ತೃತ ರೂಪವು ಜೆರುಸಲೆಮ್ಮಿನ ಗ್ರೀಕ್ ಧರ್ಮಪೀಠದ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯೊಂದರಲ್ಲಿ ಉಳಿದುಕೊಂಡಿತ್ತು. ಇಲಿಯಾ ಅಬುಲಾದ್ಜೆ ಅದನ್ನು 1957ರಲ್ಲಿ ಪ್ರಕಟಿಸಿದರು. ಗ್ರೀಕ್ ಪಾಠವನ್ನು ಶತಮಾನಗಳ ಕಾಲ ಡಮಾಸ್ಕಸ್ಸಿನ ಸಂತ ಯೋಹಾನನ ಹೆಸರಿಗೆ ಹಚ್ಚಲಾಗಿತ್ತು. ಅದು ಅಥೋಸ್ ಪರ್ವತದ ಮಠದಲ್ಲಿದ್ದ ಜಾರ್ಜಿಯನ್ ಸನ್ಯಾಸಿ ಯೂಥಿಮಿಯಸ್ಸನ ರಚನೆಯೆಂಬುದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಗ್ರೀಕಿನಿಂದ 11ನೆಯ ಶತಮಾನದಲ್ಲಿ ಲ್ಯಾಟಿನ್ನಿಗೂ ಅಲ್ಲಿಂದ ಯುರೋಪಿನ ಬಹುತೇಕ ಭಾಷೆಗಳಿಗೂ ಕಥೆ ಹರಡಿತು. ಕೊನೆಗೆ ಬಾರ್ಲಾಮ್ ಮತ್ತು ಜೋಸಫಾತ್ ಇಬ್ಬರನ್ನೂ ಸಂತರೆಂದು ಪರಿಗಣಿಸಿ, 16ನೆಯ ಶತಮಾನದ ಕೊನೆಭಾಗದಲ್ಲಿ ರೋಮನ್ ಸಂತರ ಪಟ್ಟಿಯಲ್ಲಿ ನವೆಂಬರ್ 27ರ ದಿನಕ್ಕೆ ಸೇರಿಸಲಾಯಿತು. ಗೌತಮ ಬುದ್ಧನು ತನ್ನದಲ್ಲದ ಹೆಸರಿನಲ್ಲಿ ಚರ್ಚಿನ ಸಂತನಾದ ಬಗೆ ಇದು.

ಬಾರ್ಸಿಲೋನಾದ ಅನುವಾದಕ

ಇಬ್ನ್ ಹಸ್ದಾಯ್ ಬಳಸಿದ್ದು ಈ ಕ್ರೈಸ್ತ ಪಾಠವನ್ನಲ್ಲ. ಅವನ ಮುಂದೆ ಇದ್ದುದು ಅರಬ್ಬಿ ಪಾಠ. ಕ್ರೈಸ್ತ ಅರಸರ ಆಳ್ವಿಕೆಯಲ್ಲಿದ್ದ ಬಾರ್ಸಿಲೋನಾದಲ್ಲಿ ಬದುಕಿದ್ದರೂ ಅವನ ವಿದ್ವತ್ತು ದಕ್ಷಿಣ ಸ್ಪೇನಿನ ಅರಬ್ಬಿ ಪಾಂಡಿತ್ಯದಲ್ಲಿ ಬೇರೂರಿತ್ತು. ಇಸ್ಲಾಮಿನ ಮಹಾಚಿಂತಕ ಅಲ್ ಗಜಾಲಿಯ ನೀತಿಗ್ರಂಥವೊಂದನ್ನು ‘ಮೋಜ್ನೇ ತ್ಸೆದೆಕ್’ ಎಂಬ ಹೆಸರಿನಲ್ಲಿಯೂ, ಅರಿಸ್ಟಾಟಲನ ಹೆಸರಿನಲ್ಲಿ ಪ್ರಚಲಿತವಾಗಿದ್ದ ‘ಸೇಬಿನ ಪುಸ್ತಕ’ವನ್ನೂ ಹೀಬ್ರೂಗೆ ತಂದವನು ಇವನೇ. 1230ರ ದಶಕದಲ್ಲಿ ಯೆಹೂದಿ ತತ್ವಜ್ಞಾನಿ ಮೈಮೊನಿಡೀಸನ ಗ್ರಂಥಗಳನ್ನು ಓದಬಹುದೇ ಕೂಡದೇ ಎಂಬ ವಿವಾದವು ಸ್ಪೇನ್ ಮತ್ತು ದಕ್ಷಿಣ ಫ್ರಾನ್ಸಿನ ಯೆಹೂದಿ ಸಮುದಾಯಗಳನ್ನು ಇಬ್ಭಾಗ ಮಾಡಿದಾಗ, ಇಬ್ನ್ ಹಸ್ದಾಯ್ ಮೈಮೊನಿಡೀಸನ ಪರವಾಗಿ ನಿಂತನು. ಪರಕೀಯರ ಜ್ಞಾನಕ್ಕೆ ಬಾಗಿಲು ತೆರೆದಿರಬೇಕೆಂಬ ಪಕ್ಷದವನು ಅವನು ಎಂಬುದಕ್ಕೆ ಇದೇ ಸಾಕ್ಷಿ.

‘ರಾಜಕುಮಾರ ಮತ್ತು ವಿರಕ್ತ’ ಕೃತಿಯಲ್ಲಿ 35 ಅಧ್ಯಾಯಗಳಿವೆ. ಇವುಗಳನ್ನು ಹೀಬ್ರೂ ವಾಡಿಕೆಯಂತೆ ‘ದ್ವಾರ’ಗಳೆಂದು ಕರೆಯಲಾಗಿದೆ. ಶೈಲಿ ಅರಬ್ಬಿ ಸಾಹಿತ್ಯದ ‘ಮಕಾಮಾ’ ಮಾದರಿಯದು. ಅಂತ್ಯಪ್ರಾಸವುಳ್ಳ ಗದ್ಯ, ನಡುನಡುವೆ ಪದ್ಯ. ಗದ್ಯಪದ್ಯಗಳ ಈ ಹೆಣಿಗೆಯನ್ನು ನಮ್ಮ ಚಂಪೂ ಕಾವ್ಯವನ್ನು ಬಲ್ಲವರು ಸುಲಭವಾಗಿ ಊಹಿಸಿಕೊಳ್ಳಬಹುದು. ಬೈಬಲ್ಲಿನ ನುಡಿಗಟ್ಟುಗಳನ್ನು ಹೊಸ ಸಂದರ್ಭಕ್ಕೆ ಪೋಣಿಸುವುದು ಆ ಕಾಲದ ಹೀಬ್ರೂ ಗದ್ಯದ ವಿಶೇಷ ಗುಣ. ಭಾರತದ ರಾಜಕುಮಾರನ ಅಳಲು ಹೀಗೆ ಹೀಬ್ರೂ ಓದುಗನ ಕಿವಿಗೆ ತನ್ನದೇ ಧರ್ಮಗ್ರಂಥದ ದನಿಯಲ್ಲಿ ಕೇಳಿಸಿತು.

ಗಮನಾರ್ಹ ಸಂಗತಿಯೆಂದರೆ ಇಲ್ಲಿ ನಾಯಕರಿಬ್ಬರಿಗೂ ಹೆಸರಿಲ್ಲ. ಬೋಧಿಸತ್ವನೂ ಇಲ್ಲ, ಜೋಸಫಾತನೂ ಇಲ್ಲ. ಒಬ್ಬ ರಾಜಕುಮಾರ, ಇನ್ನೊಬ್ಬ ನಾಝಿರ್. ಕ್ರೈಸ್ತ ಪಾಠದಲ್ಲಿ ರಾಜಕುಮಾರನು ದೀಕ್ಷಾಸ್ನಾನ ಪಡೆಯುತ್ತಾನೆ, ತಂದೆಯೂ ಮತಾಂತರಗೊಳ್ಳುತ್ತಾನೆ, ಕೊನೆಗೆ ಮಗ ಸಿಂಹಾಸನ ತೊರೆದು ಅಡವಿ ಸೇರುತ್ತಾನೆ. ಹೀಬ್ರೂ ಕೃತಿಯಲ್ಲಿ ಇದಾವುದೂ ಇಲ್ಲ. ವಿರಕ್ತನು ತನ್ನ ಬೋಧನೆ ಮುಗಿಸಿ ರಾಜಕುಮಾರನನ್ನು ಬೀಳ್ಕೊಟ್ಟು ಹೊರಡುವಲ್ಲಿಗೆ ಕಥೆ ನಿಲ್ಲುತ್ತದೆ.

ಬಾವಿಯಲ್ಲಿ ನೇತಾಡುವ ಮನುಷ್ಯ

ಈ ಕಥಾವಂಶದ ಜನಪ್ರಿಯತೆಗೆ ಮುಖ್ಯ ಕಾರಣ ತಪಸ್ವಿಯು ಹೇಳುವ ದೃಷ್ಟಾಂತಗಳು. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬಾವಿಯಲ್ಲಿ ನೇತಾಡುವ ಮನುಷ್ಯನ ಕಥೆ. ಕ್ರೂರ ಮೃಗಕ್ಕೆ ಹೆದರಿ ಓಡಿದವನೊಬ್ಬ ಆಳವಾದ ಹೊಂಡಕ್ಕೆ ಬಿದ್ದು, ನಡುವೆ ಒಂದು ಗಿಡವನ್ನು ಹಿಡಿದು ನೇತಾಡುತ್ತಾನೆ. ಕೆಳಗೆ ಬಾಯ್ದೆರೆದ ಘಟಸರ್ಪ. ಕಾಲ ಬಳಿ ನಾಲ್ಕು ಹಾವುಗಳು. ಗಿಡದ ಬೇರನ್ನು ಬಿಳಿಯದೊಂದು, ಕರಿಯದೊಂದು ಇಲಿ ಕಡಿಯುತ್ತಿವೆ. ಅಷ್ಟರಲ್ಲಿ ಎಲೆಯಿಂದ ಜೇನಿನ ಹನಿ ತೊಟ್ಟಿಕ್ಕುತ್ತದೆ. ಅದನ್ನು ನೆಕ್ಕುತ್ತ ಅವನು ಎಲ್ಲವನ್ನೂ ಮರೆಯುತ್ತಾನೆ. ಬೆನ್ನಟ್ಟಿದ ಮೃಗ ಸಾವು, ಇಲಿಗಳು ಹಗಲು ಮತ್ತು ಇರುಳು, ಜೇನು ಸಂಸಾರದ ಸುಖ.

ಮಹಾಭಾರತದ ಸ್ತ್ರೀಪರ್ವವನ್ನು ಬಲ್ಲವರಿಗೆ ಇದು ಹೊಸತಲ್ಲ. ಕುರುಕ್ಷೇತ್ರದಲ್ಲಿ ಮಕ್ಕಳೆಲ್ಲರನ್ನೂ ಕಳೆದುಕೊಂಡು ಕುಸಿದ ಧೃತರಾಷ್ಟ್ರನಿಗೆ ವಿದುರನು ಹೇಳುವುದು ಇದೇ ಕಥೆಯನ್ನು. ಅಲ್ಲಿ ಬೆದರಿಸುವುದು ಆರು ಮುಖ, ಹನ್ನೆರಡು ಕಾಲುಗಳ ಆನೆ, ಅಂದರೆ ಆರು ಋತು ಮತ್ತು ಹನ್ನೆರಡು ತಿಂಗಳುಗಳ ಸಂವತ್ಸರ. ಜೈನರಲ್ಲಿ ಇದು ‘ಮಧುಬಿಂದು ದೃಷ್ಟಾಂತ’ವೆಂದು ಪ್ರಸಿದ್ಧ. ಇಟಲಿಯ ಪಾರ್ಮಾ ನಗರದ ದೀಕ್ಷಾಸ್ನಾನ ಮಂದಿರದ ಬಾಗಿಲ ಮೇಲೆ ಸುಮಾರು 1200ರ ಹೊತ್ತಿಗೆ ಇದೇ ದೃಶ್ಯವನ್ನು ಕೆತ್ತಲಾಯಿತು. ರಷ್ಯಾದ ಟಾಲ್‌ಸ್ಟಾಯ್ ತನ್ನ ‘ಕನ್‌ಫೆಶನ್’ ಗ್ರಂಥದಲ್ಲಿ ಬದುಕಿನ ಅರ್ಥಹೀನತೆಯನ್ನು ವಿವರಿಸಲು ನೆನಪಿಸಿಕೊಂಡದ್ದೂ ಇದನ್ನೇ. ಹಿಂದೂ, ಜೈನ, ಬೌದ್ಧ, ಮುಸ್ಲಿಂ, ಕ್ರೈಸ್ತ ಎಂಬ ಗಡಿಗಳು ಈ ದೃಷ್ಟಾಂತಕ್ಕೆ ಅಡ್ಡ ಬರಲಿಲ್ಲ.

ಮತ್ತೊಂದು ದೃಷ್ಟಾಂತ ಪೆಟ್ಟಿಗೆಗಳದು. ಚಿನ್ನದ ತಗಡು ಹೊದಿಸಿದ ಪೆಟ್ಟಿಗೆಯಲ್ಲಿ ಕೊಳೆತ ಎಲುಬು, ಕೀಲೆಣ್ಣೆ ಬಳಿದ ಪೆಟ್ಟಿಗೆಯಲ್ಲಿ ರತ್ನ. ಹೊರಗಿನ ಥಳಕನ್ನು ನೋಡಿ ಬೆಲೆ ಕಟ್ಟಬಾರದೆಂಬುದು ತಾತ್ಪರ್ಯ. ಲ್ಯಾಟಿನ್ ಕಥಾಸಂಗ್ರಹ ‘ಗೆಸ್ತಾ ರೊಮನೋರಂ’ ಮೂಲಕ ಈ ಪೆಟ್ಟಿಗೆಗಳು ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕವನ್ನು ಹೊಕ್ಕವು. ಯೆಹೂದಿ ಶೈಲಾಕನ ಪಾತ್ರದಿಂದ ಹೆಸರಾದ ನಾಟಕವೊಂದು ಪೋರ್ಷಿಯಾಳ ಸ್ವಯಂವರಕ್ಕೆ ಪೂರ್ವದೇಶದ ಈ ಕಥಾಸಂಪತ್ತಿಗೆ ಋಣಿಯಾಗಿದೆ ಎಂಬುದು ಇತಿಹಾಸದ ವಿಡಂಬನೆ.

ಬೌದ್ಧ ತತ್ವ ಎಷ್ಟಿದೆ?

ಹಾಗಾದರೆ ಇಬ್ನ್ ಹಸ್ದಾಯನ ಕೃತಿಯು ಬೌದ್ಧ ಗ್ರಂಥವೇ? ಕಟ್ಟುನಿಟ್ಟಾಗಿ ಹೇಳುವುದಾದರೆ ಅಲ್ಲ. ನಾಲ್ಕು ಆರ್ಯಸತ್ಯಗಳು, ಅಷ್ಟಾಂಗ ಮಾರ್ಗ, ಅನಾತ್ಮವಾದ, ನಿರ್ವಾಣ ಇವುಗಳಲ್ಲಿ ಯಾವುದನ್ನೂ ಅದು ಬೋಧಿಸುವುದಿಲ್ಲ. ಬುದ್ಧನ ಧರ್ಮದಲ್ಲಿ ಸೃಷ್ಟಿಕರ್ತನಾದ ದೇವರಿಗೆ ಸ್ಥಾನವಿಲ್ಲ. ಹೀಬ್ರೂ ಕೃತಿಯ ವಿರಕ್ತನಾದರೋ ಏಕದೇವನ ಆರಾಧಕ. ಇನ್ನೊಂದು ಮೂಲಭೂತ ವ್ಯತ್ಯಾಸವೂ ಇದೆ. ಸಿದ್ಧಾರ್ಥನು ಗುರುಗಳನ್ನು ತೊರೆದು ಸ್ವಪ್ರಯತ್ನದಿಂದ ಬೋಧಿಯನ್ನು ಪಡೆದನು. ಅರಬ್ಬಿ ಮತ್ತು ಹೀಬ್ರೂ ಪಾಠಗಳಲ್ಲಿ ರಾಜಕುಮಾರನು ಶಿಷ್ಯ. ಜ್ಞಾನವನ್ನು ಹೊತ್ತು ತರುವವನು ಹೊರಗಿನಿಂದ ಬಂದ ತಪಸ್ವಿ.

ಕೊನೆಯ ದ್ವಾರಗಳಲ್ಲಿ ಕೃತಿಯು ಕಥೆಯನ್ನು ಬಿಟ್ಟು ತತ್ವವಿಚಾರಕ್ಕೆ ತಿರುಗುತ್ತದೆ. ಆತ್ಮದ ಸ್ವರೂಪ, ಅದು ಪರಮತತ್ವದಿಂದ ಹಂತಹಂತವಾಗಿ ಹೊಮ್ಮಿದ ಬಗೆ, ಮರಣದ ನಂತರದ ಗತಿ ಇವು ಅಲ್ಲಿನ ವಿಷಯಗಳು. ವಿದ್ವಾಂಸ ಎಸ್.ಎಂ. ಸ್ಟರ್ನ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಭಾಗವು ಕಳೆದುಹೋದ ಅರಬ್ಬಿ ನವಪ್ಲೇಟೋವಾದಿ ಗ್ರಂಥವೊಂದರಿಂದ ಬಂದದ್ದೆಂದು ತೋರಿಸಿಕೊಟ್ಟರು. ಅಂದರೆ ಭಾರತದ ಕಥಾಶರೀರಕ್ಕೆ ಗ್ರೀಕ್ ದರ್ಶನದ ತಲೆ, ಅರಬ್ಬಿಯ ಉಡುಪು, ಹೀಬ್ರೂವಿನ ದನಿ!

ಆದರೂ ಬೌದ್ಧವಾದುದು ಏನೂ ಉಳಿದಿಲ್ಲವೆನ್ನುವುದು ತಪ್ಪಾದೀತು. ಸಿರಿ, ಆರೋಗ್ಯ, ಯೌವನಗಳ ನಶ್ವರತೆಯ ಅರಿವು, ಮುಪ್ಪು ಹಾಗೂ ಸಾವನ್ನು ಕಣ್ಣಾರೆ ಕಂಡವನಲ್ಲಿ ಹುಟ್ಟುವ ತಳಮಳ, ಅಧಿಕಾರಕ್ಕಿಂತ ತ್ಯಾಗ ದೊಡ್ಡದೆಂಬ ನಂಬಿಕೆ ಇವು ಬುದ್ಧಕಥೆಯ ಜೀವಾಳ. ಇವು ನಾಲ್ಕಾರು ಭಾಷೆಗಳನ್ನು ದಾಟಿಯೂ ಸವೆಯಲಿಲ್ಲ. ಸಿದ್ಧಾಂತವು ದಾರಿಯಲ್ಲಿ ಕಳಚಿಬಿದ್ದರೂ ಪ್ರಶ್ನೆ ಉಳಿಯಿತು.

ಆ ಪ್ರಶ್ನೆಯನ್ನು ಸ್ವೀಕರಿಸುವುದು ಯೆಹೂದಿ ಪಂಡಿತನಿಗೆ ಸುಲಭದ ಸಂಗತಿಯೇನೂ ಆಗಿರಲಿಲ್ಲ. ‘ನಾಝಿರ್’ ಎಂಬುದು ಬೈಬಲ್ಲಿನ ಅರಣ್ಯಕಾಂಡದಲ್ಲಿ ಬರುವ ಪದ. ದ್ರಾಕ್ಷಾರಸವನ್ನು ತ್ಯಜಿಸಿ, ಕೂದಲು ಕತ್ತರಿಸದೆ ದೇವರಿಗೆ ಮುಡಿಪಾಗಿರುವ ವ್ರತಧಾರಿ ಎಂದು ಅದರ ಅರ್ಥ. ಆದರೆ ಯೆಹೂದಿ ಧರ್ಮದಲ್ಲಿ ಗೃಹಸ್ಥಧರ್ಮಕ್ಕೆ ಅಗ್ರಸ್ಥಾನ. ದ್ರಾಕ್ಷಾರಸವನ್ನು ಬಿಟ್ಟು ದೇಹವನ್ನು ನೋಯಿಸಿಕೊಂಡ ಕಾರಣಕ್ಕೆ ನಾಝಿರನು ಪಾಪಿಯೇ ಸರಿ ಎಂಬ ಅಭಿಪ್ರಾಯವೂ ತಾಲ್ಮುದ್ ಗ್ರಂಥದಲ್ಲಿ ದಾಖಲಾಗಿದೆ. ಇಬ್ನ್ ಹಸ್ದಾಯ್ ಗೌರವಿಸುತ್ತಿದ್ದ ಮೈಮೊನಿಡೀಸನು ಕೂಡ ಇದೇ ಮಾತನ್ನು ಉದ್ಧರಿಸಿ ಅತಿವೈರಾಗ್ಯವನ್ನು ನಿರಾಕರಿಸಿ ಮಧ್ಯಮ ಮಾರ್ಗವನ್ನು ಸಾರಿದ್ದನು. ಹೀಗಿದ್ದೂ ವಿರಕ್ತನೊಬ್ಬನನ್ನು ಗುರುಸ್ಥಾನದಲ್ಲಿಟ್ಟು ಬರೆಯಲು ಇಬ್ನ್ ಹಸ್ದಾಯ್ ಮುಂದಾದನು. ಒಳ್ಳೆಯ ಮಾತು ಯಾರ ಮನೆಯಿಂದ ಬಂದರೂ ಸ್ವೀಕಾರಾರ್ಹ ಎಂಬ ಧೋರಣೆ ಇಲ್ಲದೆ ಇದು ಸಾಧ್ಯವಿರಲಿಲ್ಲ.

ಗಡೀಪಾರಿನ ನಡುವೆ ಉಳಿದ ಪುಸ್ತಕ

ಆ ಧೋರಣೆಗೆ ಕಾಲ ಅನುಕೂಲವಾಗಿ ಉಳಿಯಲಿಲ್ಲ. 1391ರಲ್ಲಿ ಸ್ಪೇನಿನ ನಗರಗಳಲ್ಲಿ ಯೆಹೂದಿಗಳ ಮೇಲೆ ನಡೆದ ದಾಳಿಗಳಲ್ಲಿ ಬಾರ್ಸಿಲೋನಾದ ಯೆಹೂದಿ ಕೇರಿಯೂ ನಾಶವಾಯಿತು. 1492ರಲ್ಲಿ ಯೆಹೂದಿಗಳನ್ನು ಸ್ಪೇನಿನಿಂದಲೇ ಹೊರಹಾಕಲಾಯಿತು. ಗಡೀಪಾರಾದವರು ಪುಸ್ತಕಗಳನ್ನೂ ಹೊತ್ತು ನಡೆದರು. ಆಟೊಮನ್ ಸುಲ್ತಾನರ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಸ್ಪೇನಿನಿಂದ ಬಂದ ನಿರಾಶ್ರಿತರು ಹೀಬ್ರೂ ಮುದ್ರಣಾಲಯವನ್ನು ಸ್ಥಾಪಿಸಿದರು. ‘ರಾಜಕುಮಾರ ಮತ್ತು ವಿರಕ್ತ’ ಮೊದಲು ಅಚ್ಚಾದದ್ದು ಅದೇ ನಗರದಲ್ಲಿ, 1518ರಲ್ಲಿ. ಇಟಲಿಯ ಮಾಂತುವಾದಲ್ಲಿ 1557ರಲ್ಲಿ ಮತ್ತೆ ಅಚ್ಚಾಯಿತು. ಅದಕ್ಕೆ ನಾಲ್ಕೇ ವರ್ಷ ಮೊದಲು, 1553ರಲ್ಲಿ, ರೋಮ್ ನಗರದಲ್ಲಿ ತಾಲ್ಮುದ್ ಪ್ರತಿಗಳನ್ನು ಬಹಿರಂಗವಾಗಿ ಸುಡಲಾಗಿತ್ತು. ಮನೆ ಕಳೆದುಕೊಂಡ ಜನರಿಗೆ ಸಂಪತ್ತಿನ ಅನಿತ್ಯತೆಯನ್ನು ಹೇಳುವ ಪುಸ್ತಕ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ಇತ್ತ ಜಪಾನಿನಲ್ಲಿ ಮತ್ತೊಂದು ವಿಚಿತ್ರ ನಡೆಯಿತು. ಅಲ್ಲಿಗೆ ಹೋದ ಜೆಸ್ಯೂಟ್ ಪಾದ್ರಿಗಳು 1591ರಲ್ಲಿ ಮುದ್ರಿಸಿದ ಸಂತರ ಚರಿತ್ರೆಯ ಜಪಾನಿ ಸಂಕಲನದಲ್ಲಿ ಬಾರ್ಲಾಮ್ ಮತ್ತು ಜೋಸಫಾತರ ಕಥೆಯೂ ಸೇರಿತ್ತು. ಬೌದ್ಧ ದೇಶಕ್ಕೆ ಬುದ್ಧನ ಕಥೆಯೇ ಮತಪ್ರಚಾರದ ಸಾಧನವಾಗಿ ಹೋಯಿತು. ತಲುಪಿಸಿದವರಿಗಾಗಲೀ ಪಡೆದವರಿಗಾಗಲೀ ಅದರ ಅರಿವಿರಲಿಲ್ಲ.

ಗುಟ್ಟು ಬಯಲಾದದ್ದು

ಪೋರ್ಚುಗೀಸ್ ಇತಿಹಾಸಕಾರ ದಿಯೊಗೊ ದೊ ಕೂತೊ 17ನೆಯ ಶತಮಾನದ ಆರಂಭದಲ್ಲಿಯೇ ಜೋಸಫಾತ್ ಮತ್ತು ಬುದ್ಧರ ಕಥೆಗಳ ಹೋಲಿಕೆಯನ್ನು ಗಮನಿಸಿದ್ದನು. ಆದರೆ ವಿದ್ವತ್ ಲೋಕ ಇದನ್ನು ಒಪ್ಪಿಕೊಳ್ಳಲು 19ನೆಯ ಶತಮಾನ ಬರಬೇಕಾಯಿತು. ಬೌದ್ಧ ಗ್ರಂಥಗಳು ಯುರೋಪಿನ ಭಾಷೆಗಳಿಗೆ ಅನುವಾದಗೊಂಡ ಮೇಲೆ ಫ್ರಾನ್ಸಿನ ಎದುವಾರ್ ಲಬೂಲೆ 1859ರಲ್ಲಿ, ಜರ್ಮನಿಯ ಫೆಲಿಕ್ಸ್ ಲೀಬ್ರೆಕ್ಟ್ 1860ರಲ್ಲಿ ಜೋಸಫಾತನೇ ಬುದ್ಧನೆಂದು ಸಾಧಿಸಿದರು. ಹೀಬ್ರೂ ಕೃತಿಯು ಅದಾಗಲೇ 1847ರಲ್ಲಿ ‘ಪ್ರಿನ್ಸ್ ಉಂಡ್ ಡೆರ್ವಿಶ್’ ಎಂಬ ಹೆಸರಿನಲ್ಲಿ ಜರ್ಮನ್ ಭಾಷೆಗೆ ಬಂದಿತ್ತು. 1890ರಲ್ಲಿ ನಾಥನ್ ವೈಸ್ಲೊವಿಟ್ಸ್ ಅದರ ಕುರಿತು ಬರೆದ ಅಧ್ಯಯನವು, ಬುದ್ಧನ ಯೌವನದ ಕಥೆಯನ್ನು ಮಧ್ಯಯುಗದ ಹೀಬ್ರೂ ರೂಪದಲ್ಲಿ ಹೇಳುವ ಭಾರತೀಯ ಕಾದಂಬರಿ ಇದೆಂದು ಶೀರ್ಷಿಕೆಯಲ್ಲಿಯೇ ಘೋಷಿಸಿತು. ಸರಿಸುಮಾರು ಅದೇ ಸಮಯದಲ್ಲಿ ಅರಬ್ಬಿ ಪಾಠವು ಮುಂಬಯಿಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತು. ಭಾರತದಿಂದ ಹೊರಟ ಕಥೆ ಬೇರೆ ಭಾಷೆಯ ವೇಷದಲ್ಲಿ ಭಾರತಕ್ಕೆ ಮರಳಿತು.

ಇಂಥ ಹಸ್ತಪ್ರತಿಗಳ ಸುದ್ದಿಯಲ್ಲಿ ಎಚ್ಚರವೂ ಅಗತ್ಯ. ರಷ್ಯಾದ ನಿಕೊಲಾಯ್ ನೊಟೊವಿಚ್ ಎಂಬಾತ ಲಡಾಖಿನ ಹೆಮಿಸ್ ಬೌದ್ಧವಿಹಾರದಲ್ಲಿ ಯೇಸುವಿನ ಅಜ್ಞಾತ ಜೀವನದ ಹಸ್ತಪ್ರತಿ ಸಿಕ್ಕಿತೆಂದು 1894ರಲ್ಲಿ ಪುಸ್ತಕ ಬರೆದು ಯುರೋಪಿನಲ್ಲಿ ಸಂಚಲನ ಮೂಡಿಸಿದನು. ಮ್ಯಾಕ್ಸ್ ಮುಲ್ಲರ್ ಅದನ್ನು ಪ್ರಶ್ನಿಸಿದರು. ಮರುವರ್ಷ ಆಗ್ರಾದ ಪ್ರಾಧ್ಯಾಪಕ ಜೆ. ಆರ್ಚಿಬಾಲ್ಡ್ ಡಗ್ಲಾಸ್ ಹೆಮಿಸ್‌ಗೆ ತೆರಳಿ ವಿಚಾರಿಸಿದಾಗ, ಅಂಥ ಗ್ರಂಥವಾವುದೂ ಇಲ್ಲವೆಂದು ವಿಹಾರದ ಮುಖ್ಯಸ್ಥರು ಸ್ಪಷ್ಟಪಡಿಸಿದರು. ಆದರೂ ಆ ಕಟ್ಟುಕಥೆಗೆ ಇಂದಿಗೂ ಓದುಗರಿದ್ದಾರೆ. ಇಬ್ನ್ ಹಸ್ದಾಯನ ಕೃತಿಗೆ ಅಂಥ ರಹಸ್ಯದ ಹಂಗಿಲ್ಲ. ಅದರ ಪ್ರತಿಗಳಿವೆ, ಮುದ್ರಣಗಳಿವೆ, ಕಥೆ ನಡೆದ ದಾರಿಯ ಒಂದೊಂದು ಹೆಜ್ಜೆಗೂ ಬೇರೆ ಬೇರೆ ಭಾಷೆಗಳ ಪಠ್ಯಗಳ ಪುರಾವೆಯಿದೆ. ನಿಜವಾದ ಹಸ್ತಪ್ರತಿಯ ಕಥೆ ಕಟ್ಟುಕಥೆಗಿಂತ ವಿಸ್ಮಯಕಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಯಾರದು ಈ ಜ್ಞಾನ?

ಭಾರತದ ಕಥೆ ಹೀಬ್ರೂ ಸೇರಿದ್ದು ಇದೊಂದೇ ಸಲವೂ ಅಲ್ಲ. ಕಲ್ಯಾಣ ಚಾಲುಕ್ಯರ ಆಸ್ಥಾನದ ದುರ್ಗಸಿಂಹನು 11ನೆಯ ಶತಮಾನದಲ್ಲಿ ಕನ್ನಡಕ್ಕೆ ಚಂಪೂ ರೂಪದಲ್ಲಿ ತಂದ ಪಂಚತಂತ್ರದ ಇನ್ನೊಂದು ಕವಲು, ‘ಕಲೀಲ ವ ದಿಮ್ನ’ ಎಂಬ ಅರಬ್ಬಿ ಗ್ರಂಥವಾಗಿ, ಅಲ್ಲಿಂದ ಹೀಬ್ರೂ ಭಾಷೆಗೆ ಬಂದಿತು. ಆ ಹೀಬ್ರೂ ಪಾಠವನ್ನೇ ಆಧರಿಸಿ ಕಾಪುವಾದ ಜಾನ್ 13ನೆಯ ಶತಮಾನದಲ್ಲಿ ಲ್ಯಾಟಿನ್ ಅನುವಾದ ಮಾಡಿದನು. ಯುರೋಪಿನ ಹಲವು ಭಾಷೆಗಳು ಪಂಚತಂತ್ರವನ್ನು ಪಡೆದದ್ದು ಆ ಅನುವಾದದಿಂದ. ಪೂರ್ವ ಪಶ್ಚಿಮಗಳ ನಡುವೆ ಯೆಹೂದಿ ಅನುವಾದಕರು ಕಟ್ಟಿದ ಸೇತುವೆ ಎಷ್ಟು ಭದ್ರವಾದುದೆಂದು ಇದರಿಂದ ತಿಳಿಯುತ್ತದೆ.

ಈ ಪಯಣದಲ್ಲಿ ಭಾರತ ಕಳೆದುಕೊಂಡದ್ದೂ ಉಂಟು. ಬುದ್ಧನ ಹೆಸರು ಅಳಿಯಿತು, ಅವನ ಧರ್ಮದ ತಿರುಳು ಜಾರಿಹೋಯಿತು, ಅವನ ಕಥೆಯನ್ನು ಹೇಳಿದವರಿಗೆ ಅವನು ಯಾರೆಂದು ತಿಳಿದಿರಲಿಲ್ಲ. ‘ಎಲ್ಲವೂ ನಮ್ಮಿಂದಲೇ ಹೋದದ್ದು’ ಎಂದು ಹೆಮ್ಮೆಪಡುವುದು ಸುಲಭ. ಆದರೆ ಹೋದದ್ದು ಉಳಿದದ್ದು ಪಡೆದವರ ಕಾಳಜಿಯಿಂದ ಎಂಬುದನ್ನು ಮರೆಯಲಾಗದು. ಅರಬ್ಬಿ ಲಿಪಿಕಾರ, ಜಾರ್ಜಿಯನ್ ಸನ್ಯಾಸಿ, ಬಾರ್ಸಿಲೋನಾದ ಯೆಹೂದಿ ಪಂಡಿತ, ಇವರೆಲ್ಲರೂ ಕಥೆಯನ್ನು ತಮ್ಮದೆಂದೇ ಭಾವಿಸಿ ತಮ್ಮ ಮಕ್ಕಳಿಗೆ ಹೇಳಿದರು. ಒಬ್ಬರ ಧರ್ಮಗ್ರಂಥವನ್ನು ಇನ್ನೊಬ್ಬರು ಸುಡುತ್ತಿದ್ದ ಕಾಲದಲ್ಲಿ, ಒಬ್ಬರ ಮಹಾಪುರುಷನನ್ನು ಇನ್ನೊಬ್ಬರು ಅರಿಯದೆಯೇ ಪೂಜಿಸಿದರು, ಪ್ರೀತಿಸಿದರು. ಎಂಟು ಶತಮಾನಗಳ ಹಿಂದಿನ ಹೀಬ್ರೂ ಪುಸ್ತಕವೊಂದನ್ನು ಇಂದು ತೆರೆದು ನೋಡಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.